ಯಂತ್ರದ ಜೀರ್ಣೋದ್ಧಾರ

ಹಳೆಯ ವಸ್ತುವನ್ನು ಸರಿಪಡಿಸಿ ಇಟ್ಟುಕೊಳ್ಳತಕ್ಕದ್ದೋ, ಅದನ್ನು ಬಿಟ್ಟು ಹೊಸದನ್ನು ತರತಕ್ಕದ್ದೋ ಎಂಬ ಪ್ರಶ್ನೆ ಗೃಹಸ್ಥಾಶ್ರಮದಷ್ಟೇ ಹಳೆಯದು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವುದು, ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚುಗಳನ್ನು ತೆಗೆದು ಬೇರೆ ಹೊದಿಸುವುದು, ಬಂಡಿಯ ಸವೆದ ಅಚ್ಚನ್ನು ಬದಲಾಯಿಸುವುದು—ಇವುಗಳಲ್ಲಿ ಯಾರಿಗೂ ಧರ್ಮಸಂದೇಹ ಉಂಟಾದಂತೆ ಕಾಣುವುದಿಲ್ಲ. ಪಾತ್ರೆ ಏತಕ್ಕೆ, ಮಾಡು ಏತಕ್ಕೆ, ಬಂಡಿ ಏತಕ್ಕೆ ಎಂಬುದು ಮನೆಯ ಮಕ್ಕಳಿಗೂ ತಿಳಿದಿತ್ತು. ಆದುದರಿಂದ ಅವು ಯಾವಾಗ ಕೆಟ್ಟವು, ಯಾವಾಗ ಸರಿಯಾದವು ಎಂಬುದೂ ತಿಳಿದಿತ್ತು. ಈಗ ಅನೇಕ ಮನೆಗಳಿಗೆ ಬಂದಿರುವ ಲ್ಯಾಪ್‌ಟಾಪಿನ ವಿಷಯದಲ್ಲಿ ಈ ಸುಲಭವಾದ ತಿಳಿವಳಿಕೆ ತಪ್ಪಿಹೋಗಿದೆ. ಅದು ಮುರಿಯದೆಯೇ ಹಳತಾಗುತ್ತದೆ. ನಿನ್ನೆ ಮಾಡಿದ ಕೆಲಸವನ್ನು ಇಂದೂ ಮಾಡುತ್ತದೆ. ಆದರೂ ಇಂದು ಅದು ಸಾಲದೆನಿಸುತ್ತದೆ. ಸಾಲದೆಂದು ಹೇಳಿದವರು ಯಾರು, ಯಾವ ಅಳತೆಯಿಂದ ಹೇಳಿದರು ಎಂದು ಕೇಳುವುದರೊಳಗೆ ಹಣ ಖರ್ಚಾಗಿರುತ್ತದೆ.

ಪ್ರಶ್ನೆಯನ್ನು ಕಣ್ಣೆದುರಿಗೆ ನಿಲ್ಲಿಸಿಕೊಳ್ಳಲು ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅದು ತಾಲ್ಲೂಕು ಕೇಂದ್ರವಾದ ಒಂದು ಊರಿನಲ್ಲಿದೆ. ಯಜಮಾನರು ಪ್ರೌಢಶಾಲೆಯ ಉಪಾಧ್ಯಾಯರು, ಗೃಹಿಣಿಯು ಮಹಿಳಾ ಸ್ವಸಹಾಯ ಸಂಘವೊಂದರ ಲೆಕ್ಕ ಬರೆಯುವವರು, ಮಗಳು ಬಿ.ಕಾಂ. ಓದುವವಳು. ಮನೆಯಲ್ಲಿ ೨೦೧೭ರಲ್ಲಿ ಕೊಂಡ ಒಂದೇ ಲ್ಯಾಪ್‌ಟಾಪು ಇದೆ. ಅದರಲ್ಲಿರುವುದು ೪ ಜಿ.ಬಿ. ರ್‍ಯಾಮು, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು. ಗುಂಡಿಯನ್ನೊತ್ತಿ ಅಡಿಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಅದು ಪೂರ್ತಿಯಾಗಿ ಎಚ್ಚೆತ್ತಿರುವುದಿಲ್ಲ. ಅಂಗಡಿಯವರು ರ್‍ಯಾಮು ಹೆಚ್ಚಿಸಿರೆಂದು ಹೇಳುತ್ತಾರೆ. ನೆಂಟರೊಬ್ಬರು ಎಸ್.ಎಸ್.ಡಿ. ಹಾಕಿಸಿದರೆ ಸಾಕೆನ್ನುತ್ತಾರೆ. ಜಾಹೀರಾತುಗಳು ಹೊಸದನ್ನೇ ಕೊಳ್ಳಿರೆನ್ನುತ್ತವೆ. ಯಜಮಾನರ ಅಭಿಪ್ರಾಯ ಈ ಯಾವುದೂ ಬೇಡವೆಂದು. ಇಷ್ಟು ವರ್ಷ ನಡೆದದ್ದು ಇನ್ನೂ ಎರಡು ವರ್ಷ ನಡೆಯದೆ ಏನು ಎಂಬುದು ಅವರ ವಾದ.

ಈ ನಾಲ್ಕು ಮಾತುಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸುವ ಮೊದಲು, ನಿಧಾನವೆಂದರೆ ಏನು ಎಂಬುದನ್ನು ಸ್ವಲ್ಪ ವಿಚಾರಮಾಡಬೇಕಾಗುತ್ತದೆ. ನಿಧಾನವೆಂಬುದು ಜ್ವರದಂತೆ ಲಕ್ಷಣವೇ ಹೊರತು ರೋಗವಲ್ಲ. ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರುವುದರಿಂದ, ಕಾರಣವನ್ನರಿಯದೆ ಕೊಟ್ಟ ಔಷಧ ಒಮ್ಮೊಮ್ಮೆ ಗುಣಕೊಡುವುದುಂಟು. ಹೆಚ್ಚಾಗಿ ವೈದ್ಯರಿಗೇ ಗುಣವಾಗುವುದು.

ಹಳೆಯ ಬಗೆಯ ಹಾರ್ಡ್ ಡಿಸ್ಕಿನೊಳಗೆ ಗ್ರಾಮಫೋನಿನ ತಟ್ಟೆಯಂತೆ ಒಂದು ತಟ್ಟೆ ತಿರುಗುತ್ತದೆ. ಅದರ ಮೇಲೆ, ತಟ್ಟೆಗೆ ತಗುಲದಂತೆ, ಓದುವ ಮುಳ್ಳೊಂದು ಆಡುತ್ತಿರುತ್ತದೆ. ಲ್ಯಾಪ್‌ಟಾಪುಗಳಲ್ಲಿ ಈ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು, ಅಂದರೆ ಸೆಕೆಂಡಿಗೆ ೯೦ ಸುತ್ತು ತಿರುಗುವುದು. ಇದು ಬಹಳ ವೇಗವೆಂದು ತೋರಬಹುದು. ಆದರೆ ಬೇಕಾದ ಅಕ್ಷರವು ಮುಳ್ಳಿನ ಕೆಳಕ್ಕೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಸುಮಾರು ಐದೂವರೆ ಮಿಲಿಸೆಕೆಂಡು ಹಿಡಿಯುತ್ತದೆ. ಅದಕ್ಕೆ ಮುಂಚೆ ಮುಳ್ಳು ಒಂದು ವೃತ್ತದಿಂದ ಇನ್ನೊಂದು ವೃತ್ತಕ್ಕೆ ಸರಿಯಲು ಇನ್ನೂ ಹತ್ತು ಹನ್ನೆರಡು ಮಿಲಿಸೆಕೆಂಡು ಬೇಕು. ಹೀಗಾಗಿ ಅಲ್ಲೊಂದು ಇಲ್ಲೊಂದು ಚೆದರಿರುವ ಚಿಕ್ಕ ಚಿಕ್ಕ ಕಡತಗಳನ್ನು ಅದು ಸೆಕೆಂಡಿಗೆ ನೂರರೊಳಗೆ ಮಾತ್ರ ತಂದುಕೊಡಬಲ್ಲುದು. ಯಂತ್ರವು ಎಚ್ಚರಗೊಳ್ಳುವಾಗ ಇಂಥ ಸಾವಿರಾರು ಕಡತಗಳನ್ನು ಕೇಳುತ್ತದೆ. ಎಸ್.ಎಸ್.ಡಿ.ಯಲ್ಲಿ ತಿರುಗುವುದಾಗಲಿ ಸರಿಯುವುದಾಗಲಿ ಏನೂ ಇಲ್ಲ. ಕೇಳಿದ ಒಂದೊಂದು ವಸ್ತುವೂ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಬರುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗ—ಹಳೆಯದಕ್ಕೆ ಸೆಕೆಂಡಿಗೆ ನೂರು ಎಂ.ಬಿ.ಯ ಆಸುಪಾಸು, ಸಾಟಾ ಜಾತಿಯ ಎಸ್.ಎಸ್.ಡಿ.ಗೆ ಐನೂರೈವತ್ತು—ಈ ಭೇದವನ್ನು ಸರಿಯಾಗಿ ತಿಳಿಸುವುದಿಲ್ಲ. ಅದು ಒಂದೇ ದೊಡ್ಡ ಮೂಟೆಯನ್ನು ಸಾಗಿಸುವ ವೇಗ. ಮನೆಯ ಯಂತ್ರದ ಕೆಲಸವಾದರೋ ಮೂಟೆ ಸಾಗಿಸುವುದಲ್ಲ. ಸಾವಿರ ಡಬ್ಬಿಗಳಿಂದ ಒಂದೊಂದು ಚಿಟಿಕೆ ತರುವುದು.

ರ್‍ಯಾಮಿನ ವಿಷಯ ಬೇರೆ. ಅದು ಬರೆಯುವವನ ಮೇಜಿನಂತೆ, ಡಿಸ್ಕು ಉಗ್ರಾಣದಂತೆ. ಮೇಜಿನ ಮೇಲೆ ಸ್ಥಳವಿಲ್ಲದಿದ್ದಾಗ ಯಂತ್ರವು ಕೆಲವು ಕಾಗದಗಳನ್ನು ಉಗ್ರಾಣಕ್ಕೆ ಕಳುಹಿಸಿ, ಬೇಕಾದಾಗ ಮತ್ತೆ ತರಿಸಿಕೊಳ್ಳುತ್ತದೆ. ಉಗ್ರಾಣವೂ ನಿಧಾನವಾದದ್ದಾದರೆ ಈ ಓಡಾಟದಲ್ಲೇ ಹೊತ್ತು ಕಳೆಯುವುದು. ಮೇಲೆ ಹೇಳಿದ ಮನೆಯ ಯಂತ್ರದ ದುರವಸ್ಥೆ ಇದೇ. ಅಂತರಜಾಲದ ಹತ್ತು ಪುಟಗಳನ್ನು ಒಟ್ಟಿಗೆ ತೆರೆದರೆ ೪ ಜಿ.ಬಿ. ಮೇಜು ತುಂಬಿಹೋಗುತ್ತದೆ, ೮ ಜಿ.ಬಿ. ಆದರೆ ಉಸಿರಾಡಲು ಎಡೆಯುಂಟು. ಆದರೆ ಮೇಜಿನ ಮೇಲೆ ಒಮ್ಮೆ ಸಾಕಷ್ಟು ಸ್ಥಳವಾದ ಮೇಲೆ ಅದನ್ನು ಇಮ್ಮಡಿ ಮಾಡಿದುದರಿಂದ ಬರವಣಿಗೆ ಇಮ್ಮಡಿ ವೇಗವಾಗುವುದಿಲ್ಲ. ಹದಿನಾರಕ್ಕೂ ಮೂವತ್ತೆರಡಕ್ಕೂ ಹೋಗುವವರು ಚಲನಚಿತ್ರಗಳನ್ನು ಜೋಡಿಸುವವರೋ ದೊಡ್ಡ ನಕ್ಷೆಗಳನ್ನು ಬರೆಯುವವರೋ ಆಗಿದ್ದರೆ ಸರಿಯೆ. ಕನ್ನಡದಲ್ಲಿ ಪತ್ರವನ್ನೋ ಪ್ರಬಂಧವನ್ನೋ ಬರೆಯುವವರ ಅವಶ್ಯಕತೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಈಗ ಬಳಕೆಯಲ್ಲಿರುವ ಯುನಿಕೋಡ್ ಪದ್ಧತಿಯ ಯು.ಟಿ.ಎಫ್.-೮ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ೩ ಬೈಟುಗಳು ಬೇಕು. ಪುಟಕ್ಕೆ ೧,೫೦೦ ಚಿಹ್ನೆಗಳಂತೆ ೩೦೦ ಪುಟಗಳ ಒಂದು ಕಾದಂಬರಿಗೆ ಹದಿಮೂರೂವರೆ ಲಕ್ಷ ಬೈಟುಗಳಾದವು. ೮ ಜಿ.ಬಿ. ಮೇಜಿನ ಮೇಲೆ ಅಂಥ ಕಾದಂಬರಿಗಳು ಆರು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಒಂದು ಜೀವಮಾನದಲ್ಲಿ ಅಷ್ಟನ್ನು ಬರೆದವರಿರಲಿ, ಓದಿದವರೂ ವಿರಳ. ಹಾಗಾದರೆ ಮೇಜು ತುಂಬುವುದು ಏತರಿಂದ? ಬರೆಯುವವನ ಅಕ್ಷರಗಳಿಂದಲ್ಲ, ಅಕ್ಷರಗಳ ಸುತ್ತ ನೆರೆದ ಪರಿವಾರದಿಂದ. ಈ ಪರಿವಾರದ ಮಾತು ಮುಂದೆ ಬರುತ್ತದೆ.

ಜೀನ್ ಆಮ್ಡಾಲ್ ಎಂಬ ಅಮೆರಿಕದ ಗಣಕಶಿಲ್ಪಿಯು ೧೯೬೭ರಲ್ಲಿ ಮಂಡಿಸಿದ ಒಂದು ವಾದವನ್ನು ಇಲ್ಲಿ ಸ್ಮರಿಸತಕ್ಕದ್ದು. ಆತನ ವಿಷಯ ಅನೇಕ ಪ್ರೊಸೆಸರುಗಳಿರುವ ದೊಡ್ಡ ಯಂತ್ರಗಳದ್ದಾದರೂ, ತತ್ತ್ವ ಎಲ್ಲ ಕಡೆಗೂ ಸಲ್ಲುತ್ತದೆ. ಒಂದು ಕೆಲಸದ ಒಂದು ಭಾಗವನ್ನು ಮಾತ್ರ ಎಷ್ಟು ವೇಗಗೊಳಿಸಿದರೂ, ಒಟ್ಟು ಲಾಭವು ಆ ಭಾಗ ಮೊದಲು ತೆಗೆದುಕೊಳ್ಳುತ್ತಿದ್ದ ಕಾಲಕ್ಕಿಂತ ಹೆಚ್ಚಾಗಲಾರದು. ಯಂತ್ರವು ಒಂದು ಕೆಲಸಕ್ಕೆ ನೂರು ಸೆಕೆಂಡು ತೆಗೆದುಕೊಳ್ಳುತ್ತದೆಂದೂ, ಅದರಲ್ಲಿ ಎಂಬತ್ತು ಸೆಕೆಂಡು ಡಿಸ್ಕಿಗಾಗಿ ಕಾಯುವುದರಲ್ಲಿ, ಇಪ್ಪತ್ತು ಸೆಕೆಂಡು ನಿಜವಾದ ಗಣನೆಯಲ್ಲಿ ಕಳೆಯುತ್ತದೆಂದೂ ಇಟ್ಟುಕೊಂಡರೆ, ಎರಡರಷ್ಟು ವೇಗದ ಪ್ರೊಸೆಸರು ತಂದವನಿಗೆ ಉಳಿಯುವುದು ಹತ್ತೇ ಸೆಕೆಂಡು. ಇಪ್ಪತ್ತರಷ್ಟು ಚುರುಕಾದ ಡಿಸ್ಕು ಹಾಕಿಸಿದವನಿಗೆ ಉಳಿಯುವುದು ಎಪ್ಪತ್ತಾರು. ಇಲ್ಲಿಗೆ ನಿಲ್ಲದೆ, ಇನ್ನೂ ಐದರಷ್ಟು ಚುರುಕಾದ ಮತ್ತೊಂದು ಡಿಸ್ಕನ್ನು ಆತ ಕೊಂಡನೆನ್ನಿ. ಆಗ ಇಪ್ಪತ್ತನಾಲ್ಕು ಸೆಕೆಂಡಿನ ಕೆಲಸ ಇಪ್ಪತ್ತೊಂದಕ್ಕೆ ಇಳಿಯುವುದು. ಮೊದಲ ಬಾರಿ ಹಣಕ್ಕೆ ದೊರೆತದ್ದು ಒಂದು ನಿಮಿಷಕ್ಕೂ ಮಿಗಿಲಾದ ಕಾಲ. ಎರಡನೆಯ ಬಾರಿ ದೊರೆತದ್ದು ಮೂರು ಸೆಕೆಂಡು. ತೃಪ್ತಿಯನ್ನು ಕುರಿತು ಹಿರಿಯರು ಹೇಳುವ ಮಾತನ್ನೇ ಗಣಿತವೂ ತನ್ನ ರೀತಿಯಲ್ಲಿ ಹೇಳುವುದು ಸ್ವಾರಸ್ಯವಾಗಿದೆ.

ಇದರಿಂದ ಮೇಲಿನ ಮನೆಯ ಪ್ರಶ್ನೆಗೆ ಒಂದು ಉತ್ತರ ಸಿದ್ಧವಾಯಿತು: ತಟ್ಟೆಯ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸುವುದು, ಎಡೆಯಿದ್ದರೆ ರ್‍ಯಾಮನ್ನು ಎಂಟಕ್ಕೆ ಏರಿಸುವುದು, ಫ್ಯಾನಿನಲ್ಲಿ ಸೇರಿದ ಧೂಳನ್ನು ತೆಗೆಸುವುದು. ಕೊನೆಯದಕ್ಕೆ ಬೆಲೆಯೇ ಇಲ್ಲವೆನ್ನಬಹುದು. ಆದರೆ ಕಾವು ಏರಿದಾಗ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ನಿಧಾನಿಸುವುದರಿಂದ, ಹೊಸ ಯಂತ್ರಕ್ಕಾಗಿ ಹಣ ಕೂಡಿಸುವವರು ಮೊದಲು ಒಂದು ಕುಂಚವನ್ನು ಹಿಡಿಯುವುದು ಲೇಸು. ಬ್ಯಾಟರಿಯೂ ಸವೆಯುವ ವಸ್ತುವೇ. ಐನೂರರಷ್ಟು ಸಲ ಪೂರ್ತಿ ತುಂಬಿ ಬರಿದಾದ ಲಿಥಿಯಮ್ ಬ್ಯಾಟರಿಯು ಮೊದಲಿನ ಶಕ್ತಿಯಲ್ಲಿ ಐದನೆಯ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಂಡಿರುವುದು ಸಾಮಾನ್ಯ. ಅದು ಉಬ್ಬಿದ್ದರೆ ಮಾತ್ರ ವಿಚಾರಕ್ಕೆ ಎಡೆಯಿಲ್ಲ, ಕೂಡಲೆ ತೆಗೆಸಬೇಕು. ಹಣದ ಲೆಕ್ಕವೂ ಕಠಿಣವಲ್ಲ. ಆರು ಸಾವಿರ ರೂಪಾಯಿಯ ದುರಸ್ತಿಯಿಂದ ಯಂತ್ರ ಮೂರು ವರ್ಷ ನಡೆದರೆ ವರ್ಷಕ್ಕೆ ಎರಡು ಸಾವಿರ. ನಲವತ್ತೈದು ಸಾವಿರದ ಹೊಸದು ಆರು ವರ್ಷ ನಡೆದರೆ ವರ್ಷಕ್ಕೆ ಏಳೂವರೆ ಸಾವಿರ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಸಾಲಿನಲ್ಲಿ ಒಂದು ಸುತ್ತು ಹೋಗಿಬಂದವರಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಬೆಲೆಗಳು ಮಾತ್ರ ಸ್ಥಿರವಲ್ಲ. ೨೦೨೫ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಗಣಕಶಾಲೆಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದುದರಿಂದ ರ್‍ಯಾಮಿನ ಬೆಲೆ ಲೋಕದಲ್ಲೆಲ್ಲ ತೀವ್ರವಾಗಿ ಏರಿತು. ಎಲ್ಲಿಯೋ ನಡೆಯುವ ಉದ್ಯಮದ ಹಸಿವು ತಾಲ್ಲೂಕಿನ ಉಪಾಧ್ಯಾಯರ ಜೇಬನ್ನು ತಟ್ಟುವುದು ಹೀಗೆ.

ಇಲ್ಲಿಗೆ ಯಂತ್ರದ ಮಾತು ಒಂದು ಘಟ್ಟಕ್ಕೆ ಬಂದಿತು. ಧರ್ಮದ ಮಾತು ಬರಲಿಲ್ಲ. ಆಮ್ಡಾಲನ ಲೆಕ್ಕವು ನೂರು ಸೆಕೆಂಡುಗಳನ್ನು ಹೇಗೆ ಇಪ್ಪತ್ತನಾಲ್ಕು ಮಾಡಬಹುದೆಂದು ಹೇಳುತ್ತದೆ. ಆ ನೂರು ಸೆಕೆಂಡುಗಳು ಯಾರವು ಎಂದು ಅದು ಕೇಳುವುದಿಲ್ಲ.

ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕನ್ನು ಸಾಕಿ, ಬೆಕ್ಕಿನ ಹಾಲಿಗಾಗಿ ಹಸುವನ್ನು ಕಟ್ಟಿ, ಹಸುವಿನ ಮೇವಿಗಾಗಿ ಹೊಲವನ್ನು ಮಾಡಿ, ಕೊನೆಗೆ ಸಂಸಾರಿಯಾದ ಸಂನ್ಯಾಸಿಯ ಕಥೆ ನಮ್ಮ ನಾಡಿನಲ್ಲಿ ತಿಳಿಯದವರಿಲ್ಲ. ಫ್ರಾನ್ಸಿನ ತತ್ತ್ವಜ್ಞ ದಿದೆರೋ ೧೭೬೯ರಲ್ಲಿ ಬರೆದ ಒಂದು ಸಣ್ಣ ಪ್ರಬಂಧದಲ್ಲಿ ಇದೇ ಕಥೆಯನ್ನು ತನ್ನ ಮೇಲೆಯೇ ಇಟ್ಟು ಹೇಳಿಕೊಂಡಿದ್ದಾನೆ. ಆತನಿಗೆ ಬೆಲೆಬಾಳುವ ಹೊಸದೊಂದು ನಿಲುವಂಗಿ ಬಂದಿತು. ಅದನ್ನು ತೊಟ್ಟು ಕುಳಿತಾಗ ಹುಲ್ಲಿನ ಹೆಣಿಗೆಯ ಹಳೆಯ ಕುರ್ಚಿ ಹೊಂದದೆ ತೋರಿ, ಅದು ಹೋಗಿ ಚರ್ಮದ ಕುರ್ಚಿ ಬಂದಿತು. ಒಂದೊಂದಾಗಿ ಮನೆಯ ಸಾಮಾನೆಲ್ಲ ಬದಲಾಯಿತು. ಹಳೆಯ ಅಂಗಿಗೆ ಆತ ಒಡೆಯನಾಗಿದ್ದ, ಹೊಸದಕ್ಕೆ ದಾಸನಾದ. ಸಂನ್ಯಾಸಿಗೂ ದಿದೆರೋವಿಗೂ ಒಂದು ಭೇದವುಂಟು. ಸಂನ್ಯಾಸಿಗೆ ಪ್ರತಿ ಹೆಜ್ಜೆಯಲ್ಲಿಯೂ ಒಂದು ನಿಜವಾದ ಅಡಚಣೆಯಿತ್ತು: ಇಲಿ ಕಡಿದದ್ದು ಸುಳ್ಳಲ್ಲ, ಬೆಕ್ಕಿಗೆ ಹಸಿವಾದದ್ದೂ ಸುಳ್ಳಲ್ಲ. ದಿದೆರೋವಿನ ಕುರ್ಚಿಯಲ್ಲಿ ಯಾವ ದೋಷವೂ ಇರಲಿಲ್ಲ. ಅದರ ಪಕ್ಕದಲ್ಲಿ ಹೊಸ ಅಂಗಿ ಬಂದು ನಿಂತದ್ದೇ ಅದರ ದೋಷ. ಲ್ಯಾಪ್‌ಟಾಪನ್ನು ಮೇಲ್ಮಟ್ಟಕ್ಕೇರಿಸುವ ಆಸೆಯಲ್ಲಿ ಈ ಎರಡು ಬಗೆಗಳೂ ಬೆರೆತಿರುತ್ತವೆ. ಕೆಲಸಕ್ಕೆ ಅಡ್ಡಿಯಾದದ್ದನ್ನು ತೆಗೆಯುವುದು ಒಂದು; ಪಕ್ಕದವನ ಯಂತ್ರವನ್ನು ಕಂಡ ಮೇಲೆ ತನ್ನದು ಸಣ್ಣದಾಗಿ ತೋರುವುದು ಇನ್ನೊಂದು. ಎರಡನೆಯದಕ್ಕೆ ಯಾವ ಅಂಗಡಿಯಲ್ಲಿಯೂ ಬಿಡಿಭಾಗ ಸಿಕ್ಕುವುದಿಲ್ಲ.

ಇವೆರಡನ್ನೂ ಬೇರ್ಪಡಿಸಲು ಉಪಾಯವೊಂದಿದೆ. ಅಡಚಣೆಗೆ ಹೆಸರುಂಟು, ಹೊತ್ತುಂಟು: ಲೆಕ್ಕದ ಪುಸ್ತಕ ತೆರೆಯುವಾಗ ಇಷ್ಟು ನಿಮಿಷ ನಿಲ್ಲುತ್ತದೆ, ಪಾಠದ ವೀಡಿಯೊ ನಡೆಯುವಾಗ ಟಿಪ್ಪಣಿ ಬರೆಯಲಾಗುವುದಿಲ್ಲ ಎಂದು ಹೇಳಬಹುದು. ಆ ಹೊತ್ತಿನಲ್ಲಿ ಯಂತ್ರದ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿದರೆ, ರ್‍ಯಾಮು ತುಂಬಿದೆಯೋ, ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದೆಯೋ, ಪ್ರೊಸೆಸರು ಸೋತಿದೆಯೋ ಕಾಣಿಸುವುದು. ಹೋಲಿಕೆಗೆ ಇಂಥ ಹೆಸರಿಲ್ಲ. ಅದು ‘ಹಳೆಯದಾಯಿತು’ ಎಂದಷ್ಟೇ ಹೇಳಬಲ್ಲುದು.

ಇಷ್ಟನ್ನು ಹೇಳಿದರೆ ಯಜಮಾನರಿಗೆ ಸಂತೋಷವಾದೀತು. ತಮ್ಮ ಪಕ್ಷವೇ ಗೆದ್ದಿತೆಂದು ಅವರು ಭಾವಿಸಿಯಾರು. ವಾಸ್ತವವಾಗಿ ಅವರ ಪಕ್ಷಕ್ಕೆ ಬರುವ ಆಕ್ಷೇಪ ಇಲ್ಲಿಂದಲೇ ಮೊದಲಾಗುತ್ತದೆ. ಅವರ ಕೈಯಲ್ಲಿ ಒಳ್ಳೆಯದೊಂದು ಫೋನಿದೆ. ಬ್ಯಾಂಕಿನ ವ್ಯವಹಾರ, ಶಾಲೆಯ ಸುತ್ತೋಲೆ, ವಾರ್ತೆ ಎಲ್ಲವೂ ಅದರಲ್ಲಿಯೇ ನಡೆಯುತ್ತದೆ. ಲ್ಯಾಪ್‌ಟಾಪಿನ ಮುಂದೆ ಅವರು ವಾರಕ್ಕೊಮ್ಮೆ ಕುಳಿತರೆ ಹೆಚ್ಚು. ರಾತ್ರಿ ಊಟವಾದ ಮೇಲೆ ಸಂಘದ ಲೆಕ್ಕಕ್ಕಾಗಿ ಅದರ ಮುಂದೆ ಕುಳಿತುಕೊಳ್ಳುವವರು ಗೃಹಿಣಿ. ಅವರು ಎದ್ದ ಮೇಲೆ ಕುಳಿತುಕೊಳ್ಳುವವಳು ಮಗಳು. ಯಂತ್ರವು ಎಚ್ಚರಗೊಳ್ಳಲು ಆರು ನಿಮಿಷ ಹಿಡಿದರೆ, ಆ ಆರು ನಿಮಿಷಗಳು ತಾಯಿಯ ನಿದ್ರೆಯಿಂದ ಕಳೆಯುತ್ತವೆ; ಅವರು ತಡವಾಗಿ ಎದ್ದರೆ ಮಗಳ ಓದಿನಿಂದ ಕಳೆಯುತ್ತವೆ. ದಿನಕ್ಕೆ ಆರಾರು ನಿಮಿಷದ ಎರಡು ಕಾಯುವಿಕೆಯೆಂದರೆ ವರ್ಷಕ್ಕೆ ಎಪ್ಪತ್ತಮೂರು ಗಂಟೆಗಳು. ಸಾಕೆಂದು ಹೇಳಿದವರೊಬ್ಬರು, ಕಾದವರು ಬೇರೊಬ್ಬರು.

ಮಿತವ್ಯಯವು ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಸದ್ಗುಣವಾಗುವುದು ಮಿತವನ್ನು ತನಗೆ ತಾನು ವಿಧಿಸಿಕೊಂಡಾಗ. ಏಕಾದಶಿಯ ಉಪವಾಸ ಮಾಡಿದವನು ವ್ರತಸ್ಥ. ಮನೆಯವರಿಗೆ ಅಡಿಗೆ ಬೇಡವೆಂದವನಿಗೆ ಏನೆನ್ನುವರೋ ತಿಳಿಯದು. ಅನೇಕ ಮನೆಗಳಲ್ಲಿ ಹೊಸ ಯಂತ್ರ ಬಂದಾಗಲೂ ಅದು ಸಂಪಾದಿಸುವವನ ಮೇಜನ್ನು ಸೇರಿ, ಹಳೆಯದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೇಳಲಾರದವರ ಕೈಗೆ ಬರುತ್ತದೆ. ಕಿರಿಯ ಮಗು, ಮುದುಕಿಯಾದ ಅತ್ತೆ, ಕಚೇರಿಯಲ್ಲಾದರೆ ಕೊನೆಯ ಗುಮಾಸ್ತ—ಇವರ ಹೊತ್ತಿಗೆ ಬೆಲೆ ಕಟ್ಟುವವರಿಲ್ಲ. ಅದಕ್ಕೆ ಬೆಲೆ ಕಟ್ಟಿಲ್ಲವೆಂಬ ಕಾರಣದಿಂದಲೇ ಮೇಲೆ ಹಾಕಿದ ವರ್ಷಕ್ಕೆ ಎರಡು ಸಾವಿರದ ಲೆಕ್ಕದಲ್ಲಾಗಲಿ, ಏಳೂವರೆ ಸಾವಿರದ ಲೆಕ್ಕದಲ್ಲಾಗಲಿ ಅದು ಕಾಣಲಿಲ್ಲ. ಆದಕಾರಣ ಬಳಸುವವರು ಸಾಮಾನ್ಯರಾದರೂ ಅಳೆಯಬೇಕಾದ ರೀತಿ ಇದು: ಯಂತ್ರದ ಮುಂದೆ ಹೆಚ್ಚು ಹೊತ್ತು ಕಾಯುವವರು ಯಾರೋ, ಸಾಕು ಅಥವಾ ಸಾಲದು ಎಂಬ ಮಾತು ಮೊದಲು ಅವರ ಬಾಯಿಂದ ಬರಬೇಕು. ಅವರು ಸಾಕೆಂದರೆ ಮಾರುಕಟ್ಟೆ ಏನೇ ಹೇಳಲಿ, ಸಾಕು. ಅವರು ಸಾಲದೆಂದರೆ ಯಜಮಾನರ ತತ್ತ್ವಜ್ಞಾನಕ್ಕೆ ಅಲ್ಲಿ ಸ್ಥಳವಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಮಾತು ಹೇಳಬಹುದು. ಮಗಳು ಸಾಲದೆನ್ನುವುದು ಗೆಳತಿಯರ ಯಂತ್ರಗಳನ್ನು ಕಂಡೇ ಏಕಿರಬಾರದು? ಇರಬಹುದು. ಹದಿನೆಂಟರ ವಯಸ್ಸಿನವರು ಹೋಲಿಕೆಯಿಂದ ಮುಕ್ತರೆಂದು ಯಾರೂ ಹೇಳಲಾರರು, ಐವತ್ತರವರೂ ಮುಕ್ತರಲ್ಲ. ಅದಕ್ಕಾಗಿಯೇ ಅಡಚಣೆಯ ಹೆಸರನ್ನೂ ಹೊತ್ತನ್ನೂ ಕೇಳಬೇಕಾದದ್ದು. ಕೇಳುವುದಕ್ಕೂ ತಳ್ಳಿಹಾಕುವುದಕ್ಕೂ ಬಹಳ ಅಂತರವಿದೆ. ತಂದೆ ಒಂದು ಸಂಜೆ ಮಗಳ ಪಕ್ಕದಲ್ಲಿ ಕುಳಿತು, ಅವಳ ಕೆಲಸ ಎಲ್ಲೆಲ್ಲಿ ನಿಲ್ಲುತ್ತದೆಂದು ನೋಡಿದರೆ ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ಇನ್ನು ಅಕ್ಷರಗಳ ಸುತ್ತಣ ಪರಿವಾರದ ವಿಷಯ. ಸ್ವಿಟ್ಜರ್ಲೆಂಡಿನ ಗಣಕವಿಜ್ಞಾನಿ ನಿಕ್ಲಾವುಸ್ ವಿರ್ಟ್ ೧೯೯೫ರಲ್ಲಿ ಒಂದು ಲೇಖನವನ್ನು ಬರೆದು, ಯಂತ್ರಗಳು ವೇಗಗೊಳ್ಳುವುದಕ್ಕಿಂತ ಬೇಗನೆ ಅವುಗಳ ಮೇಲೆ ನಡೆಯುವ ತಂತ್ರಾಂಶಗಳು ಭಾರವಾಗುತ್ತಿವೆಯೆಂದು ದೂರಿದನು. ಒಂದೊಂದು ಚಿಪ್ಪಿನಲ್ಲಿ ಅಡಕವಾಗುವ ಘಟಕಗಳ ಸಂಖ್ಯೆ ಇಂತಿಷ್ಟು ಕಾಲಕ್ಕೆ ಇಮ್ಮಡಿಯಾಗುವುದೆಂದು ಗೋರ್ಡನ್ ಮೂರ್ ೧೯೬೫ರಲ್ಲಿ ಹೇಳಿದ್ದು ಜನಜನಿತವಾಗಿದೆ. ವಿರ್ಟನ ದೂರು ಅಷ್ಟು ಪ್ರಸಿದ್ಧವಾಗಲಿಲ್ಲ. ಆದರೆ ಮನೆಯ ಯಂತ್ರ ಮುರಿಯದೆಯೇ ಹಳತಾಗುವುದೇಕೆ ಎಂಬುದಕ್ಕೆ ಉತ್ತರ ಅದರಲ್ಲಿದೆ. ಯಂತ್ರ ಬದಲಾಗಲಿಲ್ಲ; ಅದರ ಮೇಲೆ ಹೇರಿದ ಹೊರೆ ಬದಲಾಯಿತು. ಎತ್ತು ಮುದಿಯಾಯಿತೆಂದು ಹಳಿಯುವವರು ಗಾಡಿಯ ಮೇಲೆ ಪ್ರತಿವರ್ಷವೂ ಒಂದೊಂದು ಮೂಟೆ ಏರುತ್ತಿರುವುದನ್ನು ನೋಡುವುದಿಲ್ಲ.

ಇದರ ಪರಾಕಾಷ್ಠೆ ಈಚೆಗೆ ಕಂಡುಬಂದಿತು. ೨೦೧೫ರಲ್ಲಿ ಬಂದ ವಿಂಡೋಸ್ ೧೦ಕ್ಕೆ ಉಚಿತವಾದ ರಕ್ಷಣಾ ಪರಿಷ್ಕಾರಗಳು ೨೦೨೫ರ ಅಕ್ಟೋಬರ್ ೧೪ಕ್ಕೆ ನಿಂತವು. ೨೦೨೧ರಲ್ಲಿ ಹೊರಬಂದ ವಿಂಡೋಸ್ ೧೧ ನಡೆಯಬೇಕಾದರೆ ಟಿ.ಪಿ.ಎಂ. ೨.೦ ಎಂಬ ಭದ್ರತಾವ್ಯವಸ್ಥೆಯೂ, ಇಂಟೆಲಿನದಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರೂ ಇರಬೇಕೆಂದು ವಿಧಿಸಲಾಯಿತು. ಮೇಲಿನ ಮನೆಯ ಯಂತ್ರ ಏಳನೆಯ ತಲೆಮಾರಿನದಾಗಿದ್ದರೆ, ಅದರಲ್ಲಿ ಹೊಸ ಡಿಸ್ಕೂ ರ್‍ಯಾಮೂ ಇದ್ದು ಕುದುರೆಯಂತೆ ಓಡಿದರೂ, ಬಾಗಿಲು ಮುಚ್ಚಿದೆ. ಮನೆಯ ಬಳಕೆದಾರರಿಗೆ ೨೦೨೬ರ ಅಕ್ಟೋಬರ್ ೧೩ರವರೆಗೆ ಒಂದು ವರ್ಷದ ವಿಸ್ತರಣೆ ಸಿಕ್ಕಿತೆಂಬುದು ನಿಜ. ರಕ್ಷಣೆ ನಿಂತ ಯಂತ್ರದಲ್ಲಿ ಸಂಘದ ಇಪ್ಪತ್ತು ಮಂದಿ ಹೆಂಗಸರ ಉಳಿತಾಯದ ಲೆಕ್ಕವನ್ನಿಟ್ಟುಕೊಂಡು, ಅದರಿಂದಲೇ ಬ್ಯಾಂಕಿನ ವ್ಯವಹಾರ ಮಾಡುವುದು ವಿವೇಕವಲ್ಲ. ಅಲ್ಲಿ ಅಪಾಯಕ್ಕೊಳಗಾಗುವುದು ಆ ಮನೆಯ ಹಣವೊಂದೇ ಅಲ್ಲ. ಹಾಗೆಂದು ಹೊಸದನ್ನೇ ಕೊಳ್ಳಬೇಕೆಂಬುದೂ ಇಲ್ಲ. ೧೯೯೧ರಲ್ಲಿ ಲಿನಸ್ ಟೊರ್ವಾಲ್ಡ್ಸನು ಆರಂಭಿಸಿದ ಲಿನಕ್ಸ್ ಇಂಥ ಯಂತ್ರಗಳಲ್ಲಿ ಇಂದೂ ಚೆನ್ನಾಗಿ ನಡೆಯುತ್ತದೆ, ಕನ್ನಡವನ್ನೂ ಬರೆಯುತ್ತದೆ, ಅದಕ್ಕೆ ಬೆಲೆಯೂ ಇಲ್ಲ. ಅದನ್ನು ಕಲಿಯಲು ಕೆಲವು ವಾರಗಳು ಬೇಕು. ಆ ವಾರಗಳನ್ನು ಕೊಡಬೇಕಾದವರು ಮತ್ತೆ ತಾಯಿ ಮಗಳೇ ಎಂಬುದನ್ನು ಮರೆಯಬಾರದು. ಕಾಲೇಜು ಕೇಳುವ ಲೆಕ್ಕಪತ್ರದ ತಂತ್ರಾಂಶ ಅದರಲ್ಲಿ ನಡೆಯದಿದ್ದರೆ ಆ ಸಲಹೆ ಅಲ್ಲಿಗೇ ಮುಗಿಯಿತು.

ರಾಜ ಮಿಲಿಂದನಿಗೆ ನಾಗಸೇನ ಭಿಕ್ಷುವು ರಥದ ದೃಷ್ಟಾಂತವನ್ನು ಹೇಳಿದನಷ್ಟೆ: ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ, ಇವೆಲ್ಲದರ ಕೂಟಕ್ಕೆ ರಥವೆಂಬ ಹೆಸರು. ಆ ರಥದ ಅಂಗಗಳನ್ನು ಒಂದೊಂದಾಗಿ ಬಿಚ್ಚಬಹುದಾಗಿತ್ತು. ಬಡಗಿ ಇರುವವರೆಗೂ ರಥವಿತ್ತು. ಇಂದಿನ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರು ಹಲಗೆಗೆ ಬೆಸೆದಿರುತ್ತದೆ, ಅನೇಕದರಲ್ಲಿ ರ್‍ಯಾಮೂ ಬೆಸೆದಿರುತ್ತದೆ, ಕೆಲವದರಲ್ಲಿ ಡಿಸ್ಕೂ. ಕೊಳ್ಳುವ ದಿನ ಎಷ್ಟಿತ್ತೋ ಕಡೆಯ ದಿನವೂ ಅಷ್ಟೇ. ಅವುಗಳ ಜೀರ್ಣೋದ್ಧಾರದ ಪ್ರಶ್ನೆ ಅಂಗಡಿಯಲ್ಲಿ ಹಣ ಕೊಡುವಾಗಲೇ ತೀರಿಹೋಗಿರುತ್ತದೆ, ಕೊಂಡವರಿಗೆ ಗೊತ್ತಿರುವುದಿಲ್ಲ. ಬಹುತೇಕ ಅಂಗಗಳನ್ನು ಬಿಚ್ಚಿ ಬದಲಾಯಿಸಬಹುದಾದ ಯಂತ್ರಗಳನ್ನು ಫ್ರೇಮ್‌ವರ್ಕ್ ಎಂಬ ಅಮೆರಿಕದ ಸಂಸ್ಥೆ ೨೦೨೧ರಿಂದ ಮಾರುತ್ತಿದೆ. ಹೀಗೆ ಮಾಡುವುದು ಅಸಾಧ್ಯವೆಂಬ ಮಾತು ಅದರಿಂದ ಸುಳ್ಳಾಯಿತು. ಭಾರತ ಸರಕಾರವು ೨೦೨೨ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಯೂರೋಪಿನ ಒಕ್ಕೂಟವು ೨೦೨೪ರಲ್ಲಿ ದುರಸ್ತಿಯ ಬಗ್ಗೆ ಒಂದು ನಿರ್ದೇಶವನ್ನೇ ಅಂಗೀಕರಿಸಿತು. ಇವುಗಳಿಂದ ಎಷ್ಟು ಫಲವಾದೀತೆಂಬುದನ್ನು ಕಾದು ನೋಡಬೇಕು.

ಭೂಮಿಯ ಮೇಲಣ ಹೊರೆಯ ಮಾತನ್ನು ಈ ಸಂದರ್ಭದಲ್ಲಿ ಬಹಳ ಮಂದಿ ಎತ್ತುತ್ತಾರೆ, ಎತ್ತುವುದು ನ್ಯಾಯವೇ. ೨೦೨೨ರಲ್ಲಿ ಲೋಕದಲ್ಲಿ ಉತ್ಪತ್ತಿಯಾದ ವಿದ್ಯುನ್ಮಾನ ಕಸ ೬೨೦ ಲಕ್ಷ ಟನ್ನುಗಳೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಸಂಸ್ಕಾರಗೊಂಡದ್ದಕ್ಕೆ ದಾಖಲೆಯಿರುವುದು ನೂರಕ್ಕೆ ೨೨.೩ರಷ್ಟು ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಗಳು ೨೦೨೪ರಲ್ಲಿ ವರದಿಮಾಡಿದವು. ಲ್ಯಾಪ್‌ಟಾಪು ತನ್ನ ಜೀವಮಾನದಲ್ಲಿ ಉಂಟುಮಾಡುವ ಇಂಗಾಲದ ಬಹುಪಾಲು ಅದು ತಯಾರಾಗುವಾಗಲೇ ಆಗಿಹೋಗಿರುತ್ತದೆ. ಬಳಕೆಯ ವಿದ್ಯುತ್ತಿನ ಪಾಲು ಅಲ್ಪ. ಆದುದರಿಂದ ಇರುವ ಯಂತ್ರವನ್ನು ಇನ್ನೂ ಮೂರು ವರ್ಷ ನಡೆಯಿಸುವುದು ಪರೋಪಕಾರವೇ ಸರಿ. ಆದರೆ ಈ ಪುಣ್ಯದ ಬೆಲೆಯನ್ನು ಯಾರು ತೆರಬೇಕು? ರ್‍ಯಾಮನ್ನು ಬೆಸೆದವರು ತೆರಲಿಲ್ಲ. ಮೂಟೆಯ ಮೇಲೆ ಮೂಟೆ ಹೇರಿದವರು ತೆರಲಿಲ್ಲ. ನಿಧಾನವಾದ ಯಂತ್ರದ ಮುಂದೆ ಕುಳಿತು ಲೋಕದ ಕಸವನ್ನು ಕಡಮೆಮಾಡಬೇಕೆಂದು ಬಿ.ಕಾಂ. ಓದುವ ಹುಡುಗಿಗೆ ಉಪದೇಶಿಸುವುದು ಸುಲಭ. ಉಪದೇಶಿಸುವವರು ತಮ್ಮ ಫೋನನ್ನು ಯಾವ ವರ್ಷ ಕೊಂಡರೆಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಆ ಮನೆಯಲ್ಲಿ ಕೊನೆಗೆ ಡಿಸ್ಕನ್ನು ಬದಲಾಯಿಸುವುದೆಂದು ಒಪ್ಪಿಗೆಯಾಯಿತೆನ್ನಿ. ಸಂಘದ ಲೆಕ್ಕವನ್ನು ಮೊದಲು ಇನ್ನೊಂದು ಕಡೆ ನಕಲುಮಾಡಿಟ್ಟು, ಅನಂತರ ಯಂತ್ರವನ್ನು ಅಂಗಡಿಗೆ ಕೊಡಬೇಕು. ಅಂಗಡಿಯವರು ತೆಗೆದ ಹಳೆಯ ಡಿಸ್ಕನ್ನು ಅಲ್ಲಿಯೇ ಬಿಟ್ಟುಬರುವ ವಾಡಿಕೆಯುಂಟು, ಅದು ಸರಿಯಲ್ಲ. ಅದರಲ್ಲಿ ಎಂಟು ವರ್ಷಗಳ ಕಾಗದಪತ್ರಗಳೂ, ಗುರುತಿನ ಚೀಟಿಗಳ ಪ್ರತಿಗಳೂ, ತೀರಿಹೋದ ಅಜ್ಜಿಯ ಭಾವಚಿತ್ರಗಳೂ ಇರುತ್ತವೆ. ಅಳಿಸಿದೆವೆಂದುಕೊಂಡದ್ದೂ ಅನೇಕ ವೇಳೆ ಅಳಿದಿರುವ��ದಿಲ್ಲ. ಕೆಲವು ನೂರು ರೂಪಾಯಿಗಳಿಗೆ ಅದಕ್ಕೊಂದು ಹೊರಕವಚ ಸಿಕ್ಕುತ್ತದೆ. ಅದರಲ್ಲಿ ಕೂರಿಸಿ ಬೀರುವಿನಲ್ಲಿಟ್ಟರೆ, ವರ್ಷಕ್ಕೆರಡು ಸಲ ಹೊಸ ಲೆಕ್ಕವನ್ನೂ ಹೊಸ ಚಿತ್ರಗಳನ್ನೂ ಅದಕ್ಕೆ ನಕಲುಮಾಡಬಹುದು. ಸೆಕೆಂಡಿಗೆ ತೊಂಬತ್ತು ಸುತ್ತು ತಿರುಗುವ ಆ ತಟ್ಟೆಯ ವೇಗ ಆ ಕೆಲಸಕ್ಕೆ ಧಾರಾಳವಾಯಿತು.